ಆ ಬಿಳೀದು

ಅವರು ತೀರಿಕೊಂಡ ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದು ಅವರ ಮುಖವಲ್ಲ, ಅವರ ಊರುಗೋಲಿನ ತುದಿ. ತುದಿಗೆ ಕಪ್ಪು ರಬ್ಬರಿನ ಬುಡ. ಅದರಿಂದ ಅವರು ಒಂದು ಪ್ಲಾಸ್ಟಿಕ್ ಚೀಲವನ್ನು ನನ್ನ ಕಡೆಗೆ ತಳ್ಳುತ್ತಿದ್ದರು. ಕೈಯಲ್ಲಿ ಎತ್ತಿಕೊಡುತ್ತಿರಲಿಲ್ಲ, ಕಾಲಿನಿಂದಲೂ ಸರಿಸುತ್ತಿರಲಿಲ್ಲ. ಕೋಲಿನಿಂದ ಎರಡು ಸಲ ನೂಕಿ, ಮುಖವನ್ನು ಮೇಪಲ್ ಮರದ ಕಡೆ ತಿರುಗಿಸಿ, "ಆ ಬಿಳೀದು ಹಾಕ್ಬಿಡಯ್ಯಾ" ಎನ್ನುತ್ತಿದ್ದರು.

ಚೀಲದಲ್ಲಿ ಇದ್ದದ್ದು ಬೋನ್‌ಮೀಲ್, ಎಲುಬಿನ ಪುಡಿ. ಇಲ್ಲಿ ಕೆನಡಾದಲ್ಲಿ ಹೂವಿನ ಗೆಡ್ಡೆಗಳನ್ನು ನೆಡುವಾಗ ಕುಳಿಯ ತಳಕ್ಕೆ ಒಂದು ಚಮಚ ಹಾಕುವುದು ರೂಢಿ. ಆ ವಸ್ತುವಿನ ಹೆಸರನ್ನು ಅವರು ಒಮ್ಮೆಯೂ ನನ್ನ ಮುಂದೆ ಉಚ್ಚರಿಸಲಿಲ್ಲ. ಒಂದೇ ಒಂದು ಸಲ ಬಿಟ್ಟು. ಆ ಒಂದು ಸಲದ ಬಗ್ಗೆಯೇ ಈ ಬರಹ.

ನಮ್ಮ ಕನ್ನಡದವರ ಕೂಟದ ಕಾರ್ಯದರ್ಶಿ ಫೋನ್ ಮಾಡಿದ್ದರು. "ಸರ್ ಅವರ ನೆನಪಿಗೆ ಸಂಚಿಕೆ ತರ್ತಾ ಇದ್ದೀವಿ. ನೀವು ಅವರ ಗಾರ್ಡನ್ನಲ್ಲಿ ತುಂಬಾ ಇರ್ತಿದ್ರಿ ಅಲ್ವಾ, ಒಂದೆರಡು ಪೇಜ್ ಬರ್ದು ಕೊಡಿ. ಪಾಸಿಟಿವ್ ಆಗಿರ್ಲಿ ಅಷ್ಟೇ." ನಾನು ಆಯಿತು ಎಂದೆ. ಸತ್ತವರ ಬಗ್ಗೆ ಬರೆಯಲು ಒಪ್ಪಿಕೊಳ್ಳುವಾಗ ಮನುಷ್ಯನಿಗೆ ಅಷ್ಟು ಖುಷಿಯಾಗಬಾರದು. ನನಗಾಯಿತು.

ಕೂಟದಲ್ಲಿ ಎಲ್ಲರೂ ಅವರನ್ನು 'ಸರ್' ಎಂದೇ ಕರೆಯುತ್ತಿದ್ದರು. ಮೈಸೂರಿನವರು. ನಾವೆಲ್ಲ ಹುಟ್ಟುವ ಮೊದಲೇ ಬಂದು, ಈ ಪ್ರಾಂತದ ಸೇತುವೆಗಳ ಲೆಕ್ಕ ಹಾಕಿ, ನಿವೃತ್ತರಾಗಿ ಓಕ್‌ವಿಲ್‌ನಲ್ಲಿ ಸರೋವರದ ಹತ್ತಿರ ಮನೆ ಮಾಡಿಕೊಂಡಿದ್ದರು. ಮನೆಗಿಂತ ಹಿತ್ತಲು ದೊಡ್ಡದು. ಅಲ್ಲಿ ಅವರು ಬೆಳೆಸುತ್ತಿದ್ದದ್ದು ದೊಡ್ಡ ಹೂಗಳನ್ನಲ್ಲ. ಟ್ಯೂಲಿಪ್ ಎಂದರೆ ಮೂಗು ಮುರಿಯುತ್ತಿದ್ದರು: "ಅದು ಮದುವೆ ಮನೆ ಸ್ವಾಗತ ಸಮಿತಿ ಕಣಯ್ಯಾ, ನಿಂತ್ಕೊಂಡು ಹಲ್ಲು ಕಿರಿಯುತ್ತೆ." ಅವರಿಗೆ ಬೇಕಾದದ್ದು ಗೇಣುದ್ದವೂ ಇಲ್ಲದವು: ಸ್ನೋಡ್ರಾಪ್, ಕ್ರೋಕಸ್, ನೀಲಿ ಸಿಲ್ಲಾ. ಹಿಮ ಪೂರ್ತಿ ಕರಗುವುದಕ್ಕೂ ಕಾಯದೆ ಅದರ ನಡುವೆಯೇ ತಲೆ ಎತ್ತುವವು. ಬಗ್ಗಿ ನೋಡದವನಿಗೆ ಕಾಣುವುದೇ ಇಲ್ಲ.

ನೆಡುವ ವಿಷಯದಲ್ಲಿ ಅವರ ಶಿಸ್ತು ಸೇತುವೆ ಕಟ್ಟುವವರದ್ದೇ. ಕೈಗುದ್ದಲಿಯ ಅಲಗಿನ ಮೇಲೆ ಬಣ್ಣದಲ್ಲಿ ಇಂಚುಗಳ ಗೆರೆ ಹಾಕಿದ್ದರು. ಗೆಡ್ಡೆ ಎಷ್ಟು ಎತ್ತರವೋ ಅದರ ಮೂರರಷ್ಟು ಆಳ. ಮೊದಲನೆಯ ದಿನ ನಾನು ಕ್ರೋಕಸ್ ಗೆಡ್ಡೆಗಳನ್ನು ನಮ್ಮ ಕಡೆ ಉಳ್ಳಾಗಡ್ಡಿ ಸಸಿ ಊರಿದ ಹಾಗೆ, ಕುತ್ತಿಗೆ ಮೇಲೆ ಬಿಟ್ಟು ಊರಿದ್ದೆ. ಅವರು ಕೋಲಿನ ತುದಿಯಿಂದ ಒಂದೊಂದನ್ನೇ ಎಬ್ಬಿಸಿ ಹಾಕಿದರು. "ಏನಯ್ಯಾ ಫಿಲಾಸಫರು, ಹುಳಿಗೆ ಹಾಕೋಕೆ ಬೆಳೀತಿದ್ದೀಯಾ? ಅಳಿಲಿಗೆ ಊಟ ಬಡಿಸ್ದಂಗಿದೆ." ನನಗೂ ನಗು ಬಂತು. ಆ ಮನುಷ್ಯ ನಗಿಸುತ್ತಿದ್ದರು. ಅದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಸುಳ್ಳಾಗುತ್ತದೆ.

ಫಿಲಾಸಫರ್ ಎಂದು ಯಾಕೆ ಕರೆದರೆಂದರೆ, ನಾನು ಧಾರವಾಡದಲ್ಲಿ ತತ್ತ್ವಶಾಸ್ತ್ರ ಓದಿ, ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಆರು ವರ್ಷ ಪಾಠ ಮಾಡಿ ಬಂದವನು. ಇಲ್ಲಿ ಬಂದಾಗ ಆ ಓದನ್ನು ಕೇಳುವವರಿರಲಿಲ್ಲ. ಮಾಲ್ಟನ್‌ನಲ್ಲಿ ಒಂದು ಬೇಸ್‌ಮೆಂಟಿನಲ್ಲಿ ನಾನು, ಹೆಂಡತಿ, ಮಗಳು. ವಿಮಾನಗಳು ತಲೆಯ ಮೇಲೆಯೇ ಇಳಿಯುತ್ತಿದ್ದವು. ನಾನು ವಿಮಾನ ನಿಲ್ದಾಣದ ಪಕ್ಕದ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದೆ. ಕಾಲೇಜುಗಳಿಗೆ ಅರ್ಜಿ ಹಾಕಿದರೆ, ಇಲ್ಲಿಯವರೊಬ್ಬರ ಶಿಫಾರಸು ಪತ್ರ ಇದೆಯೇ ಎಂದು ಕೇಳುತ್ತಿದ್ದರು. ಕೂಟದ ಸಭೆಯೊಂದರಲ್ಲಿ ಸರ್ ನನ್ನ ಭುಜದ ಮೇಲೆ ಕೈಯಿಟ್ಟು, "ಪತ್ರ ತಾನೇ, ನಾನು ಕೊಡ್ತೀನಿ. ಶನಿವಾರ ಬಾ, ಸ್ವಲ್ಪ ಗೆಡ್ಡೆ ನೆಡೋದಿದೆ" ಎಂದರು. ಹೀಗೆ ಎರಡು ಅಕ್ಟೋಬರು ನಾನು ಅವರ ಹಿತ್ತಲಿನಲ್ಲಿ ಮೊಣಕಾಲೂರಿದೆ.

ಅವರ ಮಾತುಗಳಲ್ಲಿ ಒಂದನ್ನು ಕೂಟದವರು ಈಗಲೂ ಹೇಳುತ್ತಾರೆ: "ಗೆಡ್ಡೆಗೆ ಚಳಿ ಬೇಕು ಕಣಯ್ಯಾ. ಚಳಿ ತಿನ್ನದ ಗೆಡ್ಡೆ ಹೂ ಬಿಡಲ್ಲ." ಕೆಲಸ ಸಿಗಲಿಲ್ಲವೆಂದು ಅಳುವ ಹೊಸಬರಿಗೆಲ್ಲ ಇದೇ ಔಷಧ. ಸಸ್ಯದ ಮಟ್ಟಿಗೆ ಮಾತು ನಿಜ. ಆದರೆ ಹೇಳುವಾಗ ಅವರು ಹೀಟರಿನ ಪಕ್ಕ ಕೂತಿರುತ್ತಿದ್ದರು.

ಎರಡನೆಯ ಶನಿವಾರವೋ ಮೂರನೆಯದೋ, ಅವರು ಗಾರ್ಡನ್ ಕುರ್ಚಿಯಲ್ಲಿ ಕೂತು ಕೇಳಿದರು: "ನಿಮ್ಮ ತಂದೆ ಏನ್ಮಾಡ್ತಿದ್ರು?"

"ಚಪ್ಪಲಿ ಅಂಗಡಿ ಇತ್ರಿ ಸರ, ಹಳೇ ಹುಬ್ಬಳ್ಳಿಯೊಳಗ."

"ಮಾರ್ತಿದ್ರೋ, ಹೊಲೀತಿದ್ರೋ?"

"ಎರಡೂ ರೀ."

"ಓಹೋ," ಎಂದರು. ಅಷ್ಟೇ. ಕೆಟ್ಟದಾಗಿ ಏನನ್ನೂ ಅನ್ನಲಿಲ್ಲ. ಮುಂದಿನ ವಾರ ಆ ಚೀಲ ಬಂತು.

ಅದಕ್ಕೂ ಮೊದಲು ಬೋನ್‌ಮೀಲ್ ಹಾಕುತ್ತಿರಲಿಲ್ಲವೇ? ನನ್ನ ನೆನಪಿನಲ್ಲಿ ಹಾಕುತ್ತಿರಲಿಲ್ಲ. ಆದರೆ ನನ್ನ ನೆನಪಿಗೆ ಈ ಕ್ರಮ ಬೇಕಾಗಿದೆ: ಮೊದಲು ಪ್ರಶ್ನೆ, ಆಮೇಲೆ ಚೀಲ. ಬೇಕಾದದ್ದನ್ನು ಜೋಡಿಸಿಕೊಡುವುದರಲ್ಲಿ ನೆನಪಿನಷ್ಟು ವಿಧೇಯ ನೌಕರ ಬೇರೆ ಇಲ್ಲ. ನಮ್ಮ ಹಳೆಯ ತಾರ್ಕಿಕರು ಕಣ್ಣಾರೆ ಕಂಡದ್ದನ್ನು, ಊಹಿಸಿದ್ದನ್ನು, ನಂಬಲರ್ಹರು ಹೇಳಿದ್ದನ್ನು ಪ್ರಮಾಣವೆಂದು ಒಪ್ಪುತ್ತಾರೆ. ನೆನಪನ್ನು ಮಾತ್ರ ಒಪ್ಪುವುದಿಲ್ಲ. ಇದನ್ನು ನಾನು ಆರು ವರ್ಷ ಹುಡುಗರಿಗೆ ಪಾಠ ಮಾಡಿದ್ದೇನೆ. ಪಾಠ ಮಾಡಿದ್ದು ನನಗೇ ತಿರುಗಿ ಬರುತ್ತದೆಂದು ಗೊತ್ತಿರಲಿಲ್ಲ.

ಕೆಲಸ ಮುಗಿದ ಮೇಲೆ ಕೈ ತೊಳೆಯಲು ನಾನು ಅಡಿಗೆಮನೆಯ ಬಾಗಿಲ ಕಡೆ ಹೊರಟರೆ, ಊರುಗೋಲು ಅಡ್ಡ ಬರುತ್ತಿತ್ತು. "ಒಳಗ್ಯಾಕೆ, ಹಿಂದೆ ನಲ್ಲಿ ಇದೆಯಲ್ಲ. ಅಡಿಗೆಮನೇಲೇ ದೇವರು." ಅಕ್ಟೋಬರಿನ ಕೊನೆಗೆ ಹಿತ್ತಲ ನಲ್ಲಿಯ ನೀರು ಹೇಗಿರುತ್ತದೆಂದು ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ಊಟ ಮನೆಯ ಹಿಂಬದಿಯ ಮರದ ಜಗಲಿ, ಡೆಕ್ಕಿನ ಮೇಲೆ, ಪೇಪರ್ ಪ್ಲೇಟಿನಲ್ಲಿ. ಅವರ ಹೆಂಡತಿ, ನಾನು ಅಮ್ಮಾರ ಎಂದು ಕರೆಯುತ್ತಿದ್ದವರು, ಒಂದು ಸಲ ಸ್ಟೀಲ್ ತಟ್ಟೆಯಲ್ಲಿ ಬಿಸಿಬೇಳೆಬಾತ್ ತಂದರು. ಒಳಗಿನಿಂದ ಸರ್ ಏನೋ ಗೊಣಗಿದ್ದು ಕೇಳಿತು. ಮುಂದಿನ ವಾರದಿಂದ ಮತ್ತೆ ಪೇಪರ್ ಪ್ಲೇಟು.

ಆದರೆ ಕೆನಡಾದಲ್ಲಿ ಪೇಪರ್ ಪ್ಲೇಟು ಯಾರಿಗೂ ಅವಮಾನವಲ್ಲ. ಮಣ್ಣಿನ ಕೈಯವನನ್ನು ಹಿತ್ತಲ ನಲ್ಲಿಗೆ ಕಳಿಸುವುದೂ ಅವಮಾನವಲ್ಲ. ಇಲ್ಲಿಯ ತೊಂದರೆಯೇ ಇದು. ಊರಿನಲ್ಲಾದರೆ ಬೇರೆ ಲೋಟ ಗೂಡಿನಲ್ಲಿ ಕಣ್ಣಿಗೆ ಕಾಣುವಂತೆ ಇರುತ್ತಿತ್ತು. ಇಲ್ಲಿ ಅವಮಾನಕ್ಕೆ ಸಾಕ್ಷಿಯೇ ಸಿಗುವುದಿಲ್ಲ.

ಆ ಒಂದು ಸಲದ ಮಾತು. ಮೊದಲ ಚಳಿಗಾಲ ಕಳೆದು ಯುಗಾದಿ ಬಂತು. ಪ್ರತಿ ಯುಗಾದಿಗೆ ಹತ್ತಿಪ್ಪತ್ತು ಮನೆಯವರು ಅವರ ಮನೆಯಲ್ಲಿ ಸೇರುತ್ತಿದ್ದರು. ಆ ವರ್ಷ ಹಿತ್ತಲು ಹೂಗಳಿಂದ ಬೆಂಕಿ ಹಚ್ಚಿದಂತೆ ಹೊತ್ತಿತ್ತು. ಬೇಲಿಯ ನೆರಳಲ್ಲಿ ಹಿಮದ ಕೊಳಕು ಗುಡ್ಡೆಗಳು ಇನ್ನೂ ಇದ್ದವು, ಅವುಗಳ ಮಗ್ಗುಲಲ್ಲೇ ನೇರಳೆ ಕ್ರೋಕಸ್, ಮೇಪಲ್ ಬುಡದಲ್ಲಿ ನೀಲಿ ಸಿಲ್ಲಾ. ಎಲ್ಲರೂ ಕಾಫಿ ಹಿಡಿದು ಡೆಕ್ಕಿಗೆ ಬಂದರು. ಒಬ್ಬ ಡಾಕ್ಟರು, "ಏನ್ ಸರ್ ಇದರ ಸೀಕ್ರೆಟ್ಟು?" ಎಂದರು. ನಾನು ನನ್ನ ಹೆಸರು ಬರಬಹುದೆಂದು ಕಾದು ನಿಂತೆ. ಹೌದು, ಕಾದಿದ್ದೆ.

ಸರ್ ಕೋಲನ್ನು ನನ್ನ ಕಡೆ ಎತ್ತಿ ತೋರಿಸಿದರು. "ಸೀಕ್ರೆಟ್ಟು ಅಲ್ಲಿ ನಿಂತಿದೆ ನೋಡಿ. ಸ್ಪೆಷಲಿಸ್ಟ್ ಇಟ್ಕೊಂಡಿದ್ದೀನಿ. ತೊಗಲು ಮೂಳೆ ವಿಷಯದಲ್ಲಿ ಅವರದ್ದು ವಂಶಪಾರಂಪರ್ಯ ಪಾಂಡಿತ್ಯ!"

ಎಲ್ಲರೂ ನಕ್ಕರು. ಕಪ್ಪುಗಳು ಸಾಸರಿನ ಮೇಲೆ ಗಲಗಲ ಎಂದವು.

ಇದು ನನ್ನ ನೆನಪು. ಆ ದಿನ ಅಲ್ಲಿದ್ದ ಗೆಳೆಯನೊಬ್ಬನನ್ನು ಆಮೇಲೆ ಕೇಳಿದೆ. ಅವನು, "ಸ್ಪೆಷಲಿಸ್ಟ್ ಅಂದಿದ್ದು ನೆನಪೈತಿ ಮಾರಾಯಾ, ನಿನ್ನ ಹೊಗಳಿದ್ರಲ್ಲ? ತೊಗಲು ಗಿಗಲು ಏನೂ ಅನ್ಲಿಲ್ಲ" ಎಂದ. ಹೆಂಡತಿಯನ್ನು ಕೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಏನರ ಅಂದಿರ್ಬೇಕು ಬಿಡ್ರಿ. ನೀವೂ ನಗಾಕತ್ತಿದ್ರಿ" ಎಂದಳು.

"ನಾ ನಕ್ಕಿಲ್ಲ."

"ಎಲ್ಲಾರ್ಕಿಂತ ಜೋರ ನಕ್ಕೀರಿ."

ಮಗಳು ಫೋನಿನಿಂದ ತಲೆ ಎತ್ತಿ, "ಡ್ಯಾಡ್, ಇಟ್ಸ್ ಜಸ್ಟ್ ಫರ್ಟಿಲೈಝರ್" ಎಂದಳು.

ಮೂರು ಜನ, ಮೂರು ಸಾಕ್ಷಿ, ಮೂರೂ ನನ್ನ ವಿರುದ್ಧ. ಆದರೂ ಆ ಮಾತು ನನ್ನ ಕಿವಿಯಲ್ಲಿ ಅವರದೇ ಧ್ವನಿಯಲ್ಲಿ, ಆ 'ವಂಶಪಾರಂಪರ್ಯ'ದ ಮೇಲಿನ ಒತ್ತಿನ ಸಮೇತ ಕೂತಿತ್ತು. ಮಾತು ನಿಜವಾದರೆ ನನ್ನ ಸಿಟ್ಟಿಗೆ ಒಂದು ನೆಲವಿದೆ. ಇಲ್ಲವಾದರೆ, ಪತ್ರದ ಆಸೆಗೆ ಎರಡು ವರ್ಷ ಯಾರದೋ ಹಿತ್ತಲು ಅಗೆದ ನಾಚಿಕೆಯನ್ನು ಮುಚ್ಚಲು ನಾನೇ ಕಟ್ಟಿಕೊಂಡ ಕಥೆ ಅದು. ಇಷ್ಟು ವರ್ಷ ನನ್ನನ್ನು ಕಾಡಿದ್ದು ಅವರಲ್ಲ, ಈ ಅನುಮಾನ.

ಆ ಯುಗಾದಿಯ ನಂತರವೂ ನಾನು ಹೋದೆ. ಪತ್ರ ಇನ್ನೂ ಬಂದಿರಲಿಲ್ಲ, ಅದು ಹೊರಗೆ ಹೇಳುವ ಕಾರಣ. ಒಳಗಿನ ಕಾರಣ ಬೇರೆ. ಬೇಸಿಗೆಯಿಡೀ ಯೋಚಿಸಿದ್ದೆ. ಗೆಡ್ಡೆಗಳನ್ನು ತಲೆಕೆಳಗಾಗಿ ನೆಡಲೇ? ಅವು ಹೇಗೋ ತಿರುಗಿ ಮೇಲೆ ಬರುತ್ತವೆ. ಕ್ರೋಕಸ್‌ಗಳ ಮೇಲೆ ಹಾಸುವ ತಂತಿ ಬಲೆಯನ್ನು ಬಿಟ್ಟುಬಿಡಲೇ? ಅಳಿಲುಗಳು ತಿನ್ನುತ್ತವೆ, ಅವರು ಹೊಸದು ತರಿಸುತ್ತಾರೆ, ಮತ್ತೆ ನೆಡುವವನು ನಾನೇ.

ಎರಡನೆಯ ಅಕ್ಟೋಬರಿನಲ್ಲಿ ಗರಾಜಿನೊಳಗೆ ಉತ್ತರ ಕಾಣಿಸಿತು. ತುಳಸಿಯ ಕುಂಡ. ಬೇಸಿಗೆಯಲ್ಲಿ ಡೆಕ್ಕಿನ ಮೇಲಿದ್ದ ತುಳಸಿಯನ್ನು ಹಿಮ ಬೀಳುವ ಮೊದಲು ಮನೆಯೊಳಗೆ ಒಯ್ಯುತ್ತಾರೆ. ನಡುವೆ ಎರಡು ದಿನ ಅದು ಗರಾಜಿನಲ್ಲಿರುತ್ತದೆ. ಅಮ್ಮ ದಿನಾ ಬೆಳಿಗ್ಗೆ ಅದಕ್ಕೆ ಸುತ್ತು ಬರುತ್ತಾರೆ. ಸರ್ ಅದರ ದಳವಿಲ್ಲದೆ ತೀರ್ಥ ತೆಗೆದುಕೊಳ್ಳುವುದಿಲ್ಲ. ನನ್ನ ಕೈಯಲ್ಲಿ ಬಿಳಿ ಪುಡಿಯ ಚೀಲ.

ಇಲ್ಲಿಯವರೆಗೆ ಎಲ್ಲ ಸ್ಪಷ್ಟವಿದೆ. ಹಿಡಿ ತುಂಬಾ ಪುಡಿ ತೆಗೆದದ್ದು ನೆನಪಿದೆ. ಅದರ ಹಸಿ ವಾಸನೆ, ಉಗುರಿನ ಸಂದಿನ ತರಿ, ಕುಂಡದ ಮೇಲೆ ಚಾಚಿದ ನನ್ನ ಮುಷ್ಟಿ, ಎಲ್ಲ ನೆನಪಿದೆ. ಮುಷ್ಟಿ ಬಿಚ್ಚಿದ್ದು ನೆನಪಿಲ್ಲ. ಬಿಚ್ಚದೆ ಹಿಂದೆ ತೆಗೆದದ್ದೂ ನೆನಪಿಲ್ಲ.

ಆ ಚಳಿಗಾಲ ತುಳಸಿ ಎಂದೂ ಬೆಳೆಯದಷ್ಟು ಬೆಳೆಯಿತು. ಕೂಟದವರು ಅವರ ಮನೆಯಲ್ಲಿ ಸೇರಿದಾಗ ಅಮ್ಮ ಬಂದವರನ್ನೆಲ್ಲ ಕರೆದು ತೋರಿಸುತ್ತಿದ್ದರು. ಸರ್ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ನನಗೆ ಒಳಗೊಳಗೇ ಕುಣಿಯುವಂತಾಗುತ್ತಿತ್ತು: ಕುಡೀರಿ ಸರ, ತೀರ್ಥ ಕುಡೀರಿ. ಮರುಕ್ಷಣ ಅಮ್ಮ ಅದೇ ದಳವನ್ನು ಕಣ್ಣಿಗೊತ್ತಿಕೊಳ್ಳುವುದು ಕಾಣುತ್ತಿತ್ತು. ಆಕೆ ನನಗೆ ಸ್ಟೀಲ್ ತಟ್ಟೆ ತಂದವರು. ಸೇಡಿನ ಕಲ್ಲು ಸರಿಯಾದ ಮನೆಗೇ ಬಿದ್ದಿತ್ತು, ಆದರೆ ಯಾರ ತಲೆಯ ಮೇಲೆ?

ಪತ್ರ ಕೊನೆಗೆ ಬಂತು. ಒಳ್ಳೆಯ ಕಾಗದ, ಒಳ್ಳೆಯ ಇಂಗ್ಲಿಷು. ನಾನು ಪ್ರಾಮಾಣಿಕ, ಸಮಯಕ್ಕೆ ಸರಿಯಾಗಿ ಬರುವವ, ಕೈಕೆಲಸದಲ್ಲಿ ನುರಿತವ ಎಂದಿತ್ತು. ಓದಿನ ಬಗ್ಗೆ, ಪಾಠದ ಬಗ್ಗೆ ಒಂದಕ್ಷರವಿರಲಿಲ್ಲ. ಅದನ್ನು ನಾನು ಯಾವ ಕಾಲೇಜಿಗೂ ಕಳಿಸಲಿಲ್ಲ. ಅವರ ಮನೆಗೂ ಮತ್ತೆ ಹೋಗಲಿಲ್ಲ. ಪತ್ರವಿಲ್ಲದೆಯೇ ಮುಂದೆ ಒಂದು ಕಡೆ ಅರೆಕಾಲಿಕ ಪಾಠ ಸಿಕ್ಕಿತು, ಮಾಲ್ಟನ್ ಬಿಟ್ಟೆವು, ಆಮೇಲೆ ಮೂರು ಮನೆ ಬದಲಿಸಿದೆವು. ಪ್ರತಿ ಸಲ ಆ ಪತ್ರ ಪೆಟ್ಟಿಗೆಯಲ್ಲಿ ನಮ್ಮ ಜೊತೆಗೇ ಬಂತು.

ಅವರು ತೀರಿಕೊಂಡದ್ದು ಈ ಬೇಸಿಗೆಯಲ್ಲಿ. ಅಕ್ಟೋಬರಿನಲ್ಲಿ ಅಮ್ಮನ ಫೋನು ಬಂತು. "ಗೆಡ್ಡೆ ಬಾಕ್ಸ್ ಬಂದಿದೆ ಕಣಪ್ಪಾ. ಹೋಗೋ ಮುಂಚೆ ಆರ್ಡರ್ ಮಾಡಿಟ್ಟಿದ್ರು. ನನ್ನ ಕೈಲಾಗಲ್ಲ. ನೀನು ಬರ್ತೀಯಾ?"

ಬರಹಕ್ಕೆ ಸಾಮಗ್ರಿ ಸಿಗುತ್ತದೆಂದು ಹೊರಟೆ. ಹಾಗಂತ ಹೆಂಡತಿಗೆ ಹೇಳಿದೆ. ಅವಳು, "ಹೋಗ್ರಿ, ಇನ್ನೊಮ್ಮೆ ಎಲುಬ ಹಾಕಿ ಬರ್ರಿ" ಎಂದಳು. ಆದರೆ ಕಾರಿನ ಬಾಗಿಲವರೆಗೂ ಬಂದು, "ಅಮ್ಮಾರಿಗೆ ಏನೂ ಅನ್ನಬ್ಯಾಡ್ರಿ ಮತ್ತ" ಎಂದಳು.

ಪೆಟ್ಟಿಗೆಯಲ್ಲಿ ಇನ್ನೂರು ಸಿಲ್ಲಾ ಗೆಡ್ಡೆ, ಗೋಲಿಯಷ್ಟು ಗಾತ್ರದವು. ಅದೇ ಇಂಚಿನ ಗೆರೆಯ ಗುದ್ದಲಿ. ಬೋನ್‌ಮೀಲಿನ ಚೀಲವನ್ನು ಅಮ್ಮ ತಾವೇ ಎದೆಗೊತ್ತಿಕೊಂಡು ತಂದು, ಸರ್ ಕೂರುತ್ತಿದ್ದ ಗಾರ್ಡನ್ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಇಟ್ಟುಕೊಂಡರು. ನಾನು ಕುಳಿ ತೆಗೆದಂತೆ ಅವರು ಬರಿಗೈಯಿಂದ ಪುಡಿ ತೆಗೆದು ಹಾಕಿದರು. ಹತ್ತು ಕುಳಿಯಾದ ಮೇಲೆ ನನ್ನಿಂದ ತಡೆಯಲಾಗಲಿಲ್ಲ.

"ಅಮ್ಮಾರ, ಒಂದು ಹೇಳಬೇಕ್ರಿ. ಆ ವರ್ಷ ಗರಾಜಿನ್ಯಾಗ ನಾ ಇದನ್ನ ತುಳಸಿಗೆ ಹಾಕಿರಬೇಕು. ಸಿಟ್ಟಿನ್ಯಾಗ. ಹಾಕಿದ್ನೋ ಇಲ್ಲೋ ಖರೇನ ನೆನಪಿಲ್ಲ."

ಅಮ್ಮ ನನ್ನನ್ನು ನೋಡಿದರು. ಆಮೇಲೆ ನಗತೊಡಗಿದರು. ಕನ್ನಡಕ ತೆಗೆದು, ಕೈಗೆ ಪುಡಿ ಅಂಟಿದೆಯೆಂದು ಮಣಿಕಟ್ಟಿನಿಂದ ಕಣ್ಣೊರೆಸಿಕೊಂಡರು.

"ನೀನೂನಾ? ಹಾಗಾದ್ರೆ ಆ ವರ್ಷ ಡಬಲ್ ಡೋಸ್ ಆಯ್ತು! ಅದಕ್ಕೇ ಅಷ್ಟು ಬೆಳೀತು."

"ಅಂದ್ರ?"

"ಅವರೇ ಹಾಕ್ತಿದ್ರು ಕಣಪ್ಪಾ. ಪ್ರತಿ ವರ್ಷ. ನೀನು ಬರೋಕೆ ಮುಂಚಿಂದ. ಕೈಗೆ ಪ್ಲಾಸ್ಟಿಕ್ ಕವರ್ ಕಟ್ಕೊಂಡು, ಡೆಕ್ ಮೇಲೆ ಆ ಕಡೆ ಈ ಕಡೆ ನೋಡಿ, ಒಂದು ದೊಡ್ಡ ಸ್ಪೂನು. ನಾನು ಬಾತ್‌ರೂಮ್ ಕಿಟಕೀಲಿ ನೋಡ್ತಿದ್ದೆ. ಆಮೇಲೆ ಬಂದು ಸ್ನಾನ ಮಾಡಿ, ನನಗೆ ಮಡಿ ಹೇಳೋರು."

"ನೀವು ಸುತ್ತು ಬರ್ತಿದ್ರಲ್ರಿ ಮತ್ತ?"

"ತುಳಸಿಗೇ ಅಸಹ್ಯ ಇಲ್ಲ, ನನಗೇನು?"

ಅಮ್ಮ ಇನ್ನೊಂದು ಹಿಡಿ ತೆಗೆದರು. ನಗು ನಿಂತಿತ್ತು. "ಒಂದಿನ ಎಲ್ಲರ ಮುಂದೆ ಇದನ್ನ ಕೇಳ್ಬೇಕು ಅಂತ ಇಟ್ಕೊಂಡಿದ್ದೆ. ಆ ಯುಗಾದೀಲಿ ನಿನ್ನ ಬಗ್ಗೆ ಹಾಗಂದ್ರಲ್ಲ, ತೊಗಲು, ಮೂಳೆ, ವಂಶಪಾರಂಪರ್ಯ ಅಂತ. ಬಾಯಿ ತುದೀಗೆ ಬಂದಿತ್ತು."

ಗುದ್ದಲಿ ನನ್ನ ಕೈಯಲ್ಲಿ ನಿಂತಿತು. "ಹಂಗಂದಿದ್ದು ಖರೇನ್ರಿ? ನಾ ಕಟ್ಟಿದ್ದಲ್ಲ?"

"ಎಲ್ಲರೂ ನಕ್ರಲ್ಲಪ್ಪಾ. ನೀನೂ ನಕ್ಕೆ. ಅದನ್ನ ನೋಡಕ್ಕಾಗ್ದೆ ಕಾಫಿ ತರೋ ನೆಪದಲ್ಲಿ ಒಳಗೆ ಹೋದೆ. ಆಮೇಲೆ ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತಲೇ ಆಯ್ತು. ಅವರು ಹೋಗ್ಬಿಟ್ರು."

ನಂಬಲರ್ಹರ ಮಾತು, ಪ್ರಮಾಣ. ನನ್ನ ಸಿಟ್ಟಿಗೆ ನೆಲ ಸಿಕ್ಕಿತು. ಅದರ ಜೊತೆಗೆ ನನ್ನ ನಗುವೂ ಸಿಕ್ಕಿತು, ಅದನ್ನು ಬೇರೆ ಮಾಡಿ ತೆಗೆದುಕೊಳ್ಳುವ ಹಾಗಿರಲಿಲ್ಲ. ಅವರ ಮೇಲಿನ ಸಿಟ್ಟು ಇಳಿಯಿತೇ ಎಂದರೆ ಇಲ್ಲ, ಹೆಚ್ಚಾಯಿತು. ಮುಟ್ಟಬಾರದೆಂದು ನಂಬಿ ಮುಟ್ಟದವರನ್ನು ಒಂದು ದಿನ ಕ್ಷಮಿಸಬಹುದಿತ್ತೇನೋ. ಇವರು ಮುಟ್ಟುತ್ತಿದ್ದರು. ಕೋಲಿನ ತುದಿಯಿಂದ ಚೀಲ ತಳ್ಳಿದ್ದು ಎಲುಬಿನ ಅಸಹ್ಯದಿಂದಲ್ಲ. ಅದು ನನ್ನ ಕೆಲಸವೆಂದು ನನಗೆ ತೋರಿಸುವುದಕ್ಕೆ.

"ಸಂಚಿಕೆಗೆ ಬರೀತಿದ್ದೀಯಂತೆ," ಎಂದರು ಅಮ್ಮ. "ಸೇತುವೆ, ಶಿಸ್ತು, ಅದನ್ನೆಲ್ಲ ಬೇರೆಯವರು ಬರೀತಾರೆ. ನೀನು ತುಳಸಿ ವಿಷಯ ಬರಿ. ನಾನು ಹೇಳ್ದೆ ಅಂತಲೇ ಬರಿ."

ಬರೆದಿದ್ದೇನೆ. ಕಾರ್ಯದರ್ಶಿಗಳು ಅಚ್ಚು ಹಾಕುತ್ತಾರೋ ಬಿಡುತ್ತಾರೋ ಅವರಿಗೆ ಬಿಟ್ಟದ್ದು.

ಇನ್ನೂರೂ ಮುಗಿಯುವಾಗ ಸಂಜೆಯ ಚಳಿ ಶುರುವಾಗಿತ್ತು. ನಾನು ಅಭ್ಯಾಸಬಲದಿಂದ ಹಿತ್ತಲ ನಲ್ಲಿಯ ಕಡೆ ತಿರುಗಿದೆ. "ಅದನ್ನ ಆಗ್ಲೇ ಬಂದ್ ಮಾಡ್ಸಿದ್ದೀನಿ, ಒಳಗೆ ಬಾ," ಎಂದು ಅಮ್ಮ ಅಡಿಗೆಮನೆಯ ಬಾಗಿಲು ತೆರೆದರು. ಮೊದಲ ಸಲ ಆ ಬಾಗಿಲಿನಿಂದ ಒಳಗೆ ಹೋದೆ. ಎಡಕ್ಕೆ ದೇವರ ಗೂಡು, ಅದರ ಪಕ್ಕದಲ್ಲಿ ಗಂಧದ ಹಾರ ಹಾಕಿದ ಅವರ ಫೋಟೋ. ಸಿಂಕಿನ ಎದುರಿಗೇ. ತುಳಸಿಯ ಪಕ್ಕ ನಿಂತು ತೆಗೆಸಿಕೊಂಡದ್ದು, ಕೈಯಲ್ಲಿ ಅದೇ ಕೋಲು.

ಬಿಸಿ ನೀರು ಬಂತು. ಉಗುರಿನ ಸಂದಿನಿಂದ, ಮೊಣಕೈಯಿಂದ, ಮಣ್ಣೂ ಬಿಳಿ ಪುಡಿಯೂ ಕಲಸಿ ಸಿಂಕಿನ ತುಂಬ ಬೂದಿ ಬಣ್ಣದ ಕೆಸರು ಇಳಿಯಿತು. ನಾನು ಆತುರಪಡಲಿಲ್ಲ. ನನ್ನದಾದ ಮೇಲೆ ಅಮ್ಮ ತಮ್ಮ ಕೈಯನ್ನೂ ಅಲ್ಲೇ ತೊಳೆದರು. ಆಮೇಲೆ ಸಿಂಕನ್ನು ತೊಳೆಯೋಣವೆಂದು ನಾನು ಮತ್ತೆ ನಲ್ಲಿಗೆ ಕೈ ಹಾಕಿದೆ.

ಅಮ್ಮ ನನ್ನ ಕೈ ಸರಿಸಿ ನಲ್ಲಿ ನಿಲ್ಲಿಸಿದರು.

"ಇರ್ಲಿ ಬಿಡು," ಎಂದರು, ಫೋಟೋದ ಕಡೆ ನೋಡುತ್ತ. "ಇವತ್ತೊಂದಿನ ನೋಡ್ಲಿ."